ಅಡುಗೆಮನೆಯ ಮೇಲಿನ ಕೋಣೆ

ನನ್ನ ಅತ್ತೆ ರುಕ್ಮಿಣಮ್ಮ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಸೂರು ನೋಡುತ್ತಾರೆ. ಮನೆಯವರು ನೀರು ಕೊಡಲಿ, ಕುಂಕುಮ ಕೊಡಲಿ, ಅವರ ಕಣ್ಣು ಮಾತ್ರ ತೊಲೆಯಿಂದ ತೊಲೆಗೆ ಓಡಾಡುತ್ತಿರುತ್ತದೆ. ನನ್ನ ಮೈದುನ ಕುಮಾರನಿಗೆ ಹೆಣ್ಣು ನೋಡಲು ಎನ್. ಬೇಗೂರಿಗೆ ಹೋದಾಗಲೂ ಹಾಗೇ ಮಾಡಿದರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಳೆ, ಇವರು ಅವಳಪ್ಪನನ್ನು ಹೆಂಚಿನ ಕೆಳಗೆ ಯಾವ ಮರ ಹಾಕಿಸಿದ್ದೀರಿ ಎಂದು ವಿಚಾರಿಸುತ್ತಿದ್ದಾರೆ. ನಾನು ಮೊಣಕೈಯಿಂದ ತಿವಿದ ಮೇಲೆಯೇ ಹುಡುಗಿಯ ಕಡೆ ತಿರುಗಿದ್ದು.

ಈ ಚಾಳಿ ಅಂಟಿದ್ದು ತವರಿನಿಂದ. ಅವರಪ್ಪನ ಊರು ಬೀಚನಹಳ್ಳಿಯಿಂದ ಮೇಲಕ್ಕೆ, ಈಗ ಕಬಿನಿಯ ಹಿನ್ನೀರು ನಿಂತಿರುವ ಕಡೆ ಇತ್ತು. ಅಣೆಕಟ್ಟೆಗೆ ನೀರು ತುಂಬುತ್ತದೆ, ಊರು ಬಿಡಿ ಎಂದಾಗ ಅಲ್ಲಿಯ ಜನ ಮನೆಯನ್ನು ಬಿಟ್ಟು ಹೋಗಲಿಲ್ಲ, ಬಿಚ್ಚಿಕೊಂಡು ಹೋದರು. ಹೆಂಚು, ಪಟ್ಟಿ, ತೊಲೆ, ಕಂಬ, ಬಾಗಿಲು, ಕಡೆಗೆ ಹೊಸಿಲು. ಅತ್ತೆ ಆಗ ಕಂಕುಳಲ್ಲಿ ಒಂದು ಕೂಸನ್ನು ಎತ್ತಿಕೊಂಡು ಅಪ್ಪನಿಗೆ ಕೈ ನೀಡಲು ಹೋಗಿದ್ದರಂತೆ. ಆ ಕೂಸು ನನ್ನ ಗಂಡ ನಟರಾಜು. ಎತ್ತಿನ ಗಾಡಿಯಲ್ಲಿ ಬಂದ ಮರವನ್ನೆಲ್ಲ ಹೊಸ ಜಾಗದಲ್ಲಿ ಮತ್ತೆ ಜೋಡಿಸುವಾಗ ಯಾವ ತೊಲೆ ಯಾವ ಕಂಬದ ಮೇಲೆ ಕೂತಿತ್ತು ಅನ್ನುವುದನ್ನು ಅವರಪ್ಪ ಮರೆತಿದ್ದನಂತೆ, ಇವರು ಮರೆತಿರಲಿಲ್ಲ. ಅಂದಿನಿಂದ ಮನೆ ಅನ್ನುವುದು ಅತ್ತೆಯ ಪಾಲಿಗೆ ಬಿಚ್ಚಿ ಕಟ್ಟಬಹುದಾದ ಒಂದು ವಸ್ತು. ನಮಗೆಲ್ಲ ಗೋಡೆ ಅಂದರೆ ಗೋಡೆ, ಅಷ್ಟೇ.

ನಮ್ಮೂರಿರುವುದು ಪಿರಿಯಾಪಟ್ಟಣದ ಹತ್ತಿರ. ಹೊಗೆಸೊಪ್ಪು ಬೆಳೆಯುವ ಊರು. ಮನೆಯ ಹಿಂದೆ ಹಿತ್ತಲು, ಹಿತ್ತಲಿನಾಚೆ ಸೊಪ್ಪು ಬೇಯಿಸುವ ಬ್ಯಾರನ್. ಮನೆ ನನ್ನ ಮಾವ ಚಿಕ್ಕಣ್ಣನವರ ತಾತ ಕಟ್ಟಿಸಿದ್ದು. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ದೇವರ ಕೋಣೆಯೂ ಅಡುಗೆಮನೆಯೂ ಪಕ್ಕಪಕ್ಕ. ಮಲಗುವುದಕ್ಕೆ ಅಂತ ಇದ್ದದ್ದು ಒಂದೇ ಒಂದು ಕೋಣೆ. ಮೊದಲು ಸೊಪ್ಪಿನ ಮೂಟೆ ತುಂಬುತ್ತಿದ್ದ ಆ ಕೋಣೆ ನನ್ನ ಮದುವೆಯ ಹೊತ್ತಿಗೆ ಖಾಲಿಯಾಗಿ, ಹಿರಿಸೊಸೆ ಅನ್ನುವ ಲೆಕ್ಕದಲ್ಲಿ ನನಗೆ ಸಿಕ್ಕಿತ್ತು. ನಾನು, ನನ್ನ ಗಂಡ, ನಮ್ಮ ಎರಡು ಮಕ್ಕಳು ಅದರೊಳಗೆ. ಮಾವ ಜಗಲಿಯಲ್ಲಿ, ಅತ್ತೆ ನಡುಮನೆಯಲ್ಲಿ, ಕುಮಾರ ಬ್ಯಾರನ್ನಿನ ಪಕ್ಕದ ಕೊಟ್ಟಿಗೆಯಲ್ಲಿ. ಇದರಲ್ಲಿ ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ, ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಕುಮಾರನ ಮದುವೆ ಆಗುವ ತನಕ.

ಮದುವೆಯಾಗಿ ಪದ್ಮಶ್ರೀ ಬಂದಳು. ನಾವು ಕೋಣೆ ಬಿಟ್ಟುಕೊಟ್ಟು ಮಕ್ಕಳ ಸಮೇತ ನಡುಮನೆಗೆ ಬಂದೆವು. ನನ್ನ ಮಗಳಿಗೆ ನಿದ್ದೆಯಲ್ಲಿ ಒದೆಯುವ ಅಭ್ಯಾಸ, ಮಗನಿಗೆ ಎದ್ದು ಕೂತು ಮಾತಾಡುವ ಅಭ್ಯಾಸ. ಆ ಹುಡುಗಿ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ಎದುರಿಗೆ ಸಾಲಾಗಿ ನಾವು. ಪಾಪ, ನಮ್ಮನ್ನೆಲ್ಲ ದಾಟಿಕೊಂಡು, ತಲೆ ತಗ್ಗಿಸಿಕೊಂಡು, ಸೆರಗು ಎಳೆದುಕೊಂಡು ಹಿತ್ತಲಿಗೆ ಹೋಗಬೇಕಿತ್ತು. ಗಂಡನ ಜೊತೆ ಪಿಸುಮಾತಾಡಿದರೂ ನನ್ನ ಮಗ ಆಚೆಯಿಂದ ಉತ್ತರ ಕೊಡುತ್ತಿದ್ದ. ನಾನೇನು ಖುಷಿಯಿಂದ ಇದ್ದೆ ಅಂದುಕೊಳ್ಳಬೇಡಿ. ನನ್ನ ಕೋಣೆ, ನನ್ನ ಬೀರು, ನನ್ನ ಕನ್ನಡಿ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಕುಮಾರನ ಮುಖ ದಿನಕ್ಕೊಂದು ಬಣ್ಣ ತಿರುಗುತ್ತಿತ್ತು.

ಆಷಾಢ ಬಂತು. ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು ಎಂದು ಪದ್ಮಶ್ರೀಯನ್ನು ತವರಿಗೆ ಕಳಿಸಿದೆವು. ನಾವು ನಮ್ಮ ಕೋಣೆಗೆ ಹೋದೆವು, ಕುಮಾರ ಕೊಟ್ಟಿಗೆಗೆ ಹೋದ. ಕೆಲವೇ ದಿನಕ್ಕೆ ಅವಳ ಅಪ್ಪ ಚಲುವಯ್ಯನವರು ಪಕ್ಕದ ಮನೆಯ ಫೋನಿಗೆ ಕರೆ ಮಾಡಿದರು. ಮಾತು ಮರ್ಯಾದೆಯಿಂದಲೇ ಇತ್ತು. ಮಗಳು ಮೊದಲ ಗೌರಿ ಹಬ್ಬ ನಮ್ಮಲ್ಲೇ ಮುಗಿಸಿಕೊಳ್ಳಲಿ, ಆಮೇಲೆ ಕಳಿಸುತ್ತೇವೆ, ಅಷ್ಟರಲ್ಲಿ ಹುಡುಗರಿಗೆ ಒಂದು ಜಾಗ ಅಂತ ಮಾಡಿ, ಇಲ್ಲದಿದ್ದರೆ ಅವರ ಪಾಲು ಅವರಿಗೆ ಕೊಟ್ಟುಬಿಡಿ, ಬೇರೆ ಇರುತ್ತಾರೆ ಎಂದರು.

ನನ್ನ ಮಾವ ಮಾತಿನಲ್ಲಿ ಮಹಾ ಜಿಪುಣರು. ಇಡೀ ದಿನಕ್ಕೆ ಅವರ ಬಾಯಿಂದ ಬರುವ ಮಾತನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದು. ಅವತ್ತು ಫೋನಿಟ್ಟು ಬಂದು, ಟವೆಲ್ ಕೊಡವಿ, ಸೊಪ್ಪಿನ ಸುಗ್ಗಿ ಮುಗಿಯಲಿ, ನಡುಮನೆ ಮಧ್ಯಕ್ಕೆ ಗೋಡೆ ಎಳೆಸಿಬಿಡುತ್ತೇನೆ ಎಂದು ಹೇಳಿ ಹೊಲಕ್ಕೆ ಹೋದರು. ನಮ್ಮ ಬೀದಿಯಲ್ಲಿ ಅಂಥ ಗೋಡೆ ಎಳೆದ ಮನೆಗಳು ಬೇಕಾದಷ್ಟಿವೆ. ಗೋಡೆ ಎದ್ದ ಮೇಲೆ ಎರಡು ಒಲೆ, ಎರಡು ಬಾಗಿಲು. ಅಣ್ಣ ತಮ್ಮ ಒಂದೇ ಬ್ಯಾರನ್ನಿನ ಮುಂದೆ ನಿಂತು ಸೌದೆಗೆ ಜಗಳ ಆಡುತ್ತಾರೆ. ನನ್ನ ಗಂಡನೂ ಕುಮಾರನೂ ಅವತ್ತು ಒಂದೇ ಸಾರಿನ ಪಾತ್ರೆಯ ಎರಡು ಪಕ್ಕ ಕೂತು ಮುದ್ದೆ ಉಂಡರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೇ ದಿನ ಅತ್ತೆ ಸ್ನಾನ ಮಾಡಿ, ಸೀರೆ ಎತ್ತಿ ಸಿಕ್ಕಿಸಿ, ಏಣಿ ಹಾಕಿ ಅಟ್ಟ ಹತ್ತಿದರು. ನಮ್ಮ ಅಟ್ಟ ಅಂದರೆ ಬಿತ್ತನೆ ರಾಗಿಯ ಮಣ್ಣಿನ ವಾಡೆ, ಹರಿದ ಗೋಣಿಚೀಲ, ಮುರಿದ ಕುಂಟೆ, ಅಜ್ಜಿಯ ಕಾಲದ ತಗಡಿನ ಪೆಟ್ಟಿಗೆ, ಇಲಿ. ಅರ್ಧ ದಿನ ಮೇಲೇ ಇದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ಪಾದ ಮಾತ್ರ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ, ಒಮ್ಮೆ ಮಂಡಿಯೂರಿ. ಇಳಿದು ಬಂದಾಗ ಅವರ ತಲೆ ತುಂಬ ಜೇಡರ ಬಲೆ. ಅಟ್ಟದಲ್ಲಿ ಒಂದು ಕೋಣೆ ಮಾಡಬಹುದು, ನಾಳೆ ತೋರಿಸುತ್ತೇನೆ ಎಂದರು.

ತೋರಿಸಿದ ರೀತಿಯನ್ನು ನಮ್ಮೂರಿನವರು ಇನ್ನೂ ಆಡಿಕೊಳ್ಳುತ್ತಾರೆ. ಬ್ಯಾರನ್ ಇನ್ನೂ ಹಚ್ಚಿರಲಿಲ್ಲ, ಸೊಪ್ಪು ಕಟ್ಟಿ ನೇತುಹಾಕುವ ಬಿದಿರು ಕಡ್ಡಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಅತ್ತೆ ಅವನ್ನು ಬಿಚ್ಚಿ, ಮನೆ ಮುಂದಿನ ಅಂಗಳದಲ್ಲಿ ನೆಲದ ಮೇಲೆ ಒಂದಕ್ಕೊಂದು ತಾಗಿಸಿ ಇಡುತ್ತಾ ಹೋದರು. ಇದು ಗೋಡೆ, ಇದು ಬಾಗಿಲು, ಇದು ಕಿಟಕಿ. ಅಟ್ಟದಲ್ಲಿ ಎಷ್ಟು ಅಗಲವೋ ಅಂಗಳದಲ್ಲೂ ಅಷ್ಟೇ ಅಗಲ. ಸೂರಿನ ಇಳಿಜಾರು ಗೊತ್ತಾಗಲೆಂದು ತೆಂಗಿನ ಮರದಿಂದ ಕೆಳಕ್ಕೆ ಓರೆಯಾಗಿ ಒಂದು ಹಗ್ಗ ಬಿಗಿದರು. ಆಮೇಲೆ ಕುಮಾರನನ್ನು ಕರೆದು, ಮಲಕ್ಕೊ ಎಂದರು. ಮದುವೆಯಾದ ಗಂಡಸು ಬೀದಿಯವರೆಲ್ಲ ನೋಡುತ್ತಿರುವಾಗ ಕಡ್ಡಿಯ ಕೋಣೆಯೊಳಗೆ ಚಾಪೆ ಹಾಸಿಕೊಂಡು ಮಲಗಿದ. ಏಳುವಾಗ ಹಗ್ಗ ತಲೆಗೆ ತಾಗಿತು. ಅತ್ತೆ ಚಾಪೆಯನ್ನು ಆ ಕಡೆ ಎಳೆಸಿದರು. ಮತ್ತೆ ಮಲಗಿಸಿದರು, ಎಬ್ಬಿಸಿದರು. ನನ್ನ ಮಕ್ಕಳು ಕಡ್ಡಿಯ ಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬಂದು ಆಟವಾಡಿದರು. ಎದುರು ಮನೆಯ ಕುಳ್ಳಮ್ಮಜ್ಜಿ ಕಡ್ಡಿಯ ಕಿಟಕಿಯ ಹತ್ತಿರ ಬಂದು ನಿಂತು ಎಲೆಯಡಿಕೆ ಕೇಳಿದಳು. ನಗುವುದಕ್ಕೆ ಬಂದವರು ಒಬ್ಬೊಬ್ಬರಾಗಿ ಸಲಹೆ ಕೊಡುವುದಕ್ಕೆ ಶುರು ಮಾಡಿದರು. ನನಗೂ ಹೌದಲ್ಲಾ, ಇದು ನಿಜವಾಗಿಯೂ ಕೋಣೆಯೇ ಅನ್ನಿಸಿಬಿಟ್ಟಿತು.

ಆ ಹೊತ್ತಿಗೆ ಮಾವ ಹೊಲದಿಂದ ಬಂದರು. ಸುತ್ತ ಒಂದು ಸಲ ನಡೆದರು. ಮನೆಯ ಕಡೆ ನೋಡಿದರು, ಕಡ್ಡಿಯ ಕಡೆ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಮಡಿಸಿ, ಕೋಣೆಯ ಸರಿಯಾಗಿ ನಡುವಿಗೆ, ಚಾಪೆಯ ಮೇಲೆ, ಕುಮಾರನ ಹೊಟ್ಟೆಯ ಪಕ್ಕಕ್ಕೆ ಇಟ್ಟರು.

"ದೇವ್ರು ಇಲ್ಲಿ ಅವ್ನೆ ಕಣ್ಲಾ," ಎಂದರು. "ಅವ್ನ ತಲೆ ಮ್ಯಾಲೆ ಸಂಸಾರ ಮಾಡಿಯಾ?"

ಕುಮಾರ ಹಾವು ಕಂಡವನಂತೆ ಎದ್ದುಬಿಟ್ಟ. ಅತ್ತೆ ಇದ್ದಲ್ಲೇ ಕೂತರು. ಅಟ್ಟದ ಅಗಲ ಅಳೆದಿದ್ದರು, ಎತ್ತರ ಅಳೆದಿದ್ದರು, ತೊಲೆಗೆ ಹುಳ ಹಿಡಿದಿದೆಯೇ ಎಂದು ಬೆರಳಿನಿಂದ ಬಡಿದು ನೋಡಿದ್ದರು. ಕೆಳಗೆ ಏನಿದೆ ಅನ್ನುವುದು ಮಾತ್ರ ಅವರ ಮನಸ್ಸಿಗೆ ಬಂದಿರಲೇ ಇಲ್ಲ. ನಮ್ಮ ಮನೆಯಲ್ಲಿ ದೇವರ ಕೋಣೆಯ ಮೇಲಿನ ಹಲಗೆಯನ್ನು ಯಾರೂ ತುಳಿಯುವುದಿಲ್ಲ. ಅಲ್ಲಿ ಬಿತ್ತನೆ ರಾಗಿಯ ವಾಡೆ ಬಿಟ್ಟು ಬೇರೇನೂ ಇರುವುದಿಲ್ಲ. ಅಟ್ಟ ಹತ್ತಿದವರು ಅದನ್ನು ಬಳಸಿಕೊಂಡೇ ಹೋಗಬೇಕು. ಅತ್ತೆಯ ಕಾಲಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಅಳೆಯುವಾಗಲೂ ಅವರು ಬಳಸಿಕೊಂಡೇ ಹೋಗಿದ್ದರು, ಯಾಕೆ ಬಳಸುತ್ತಿದ್ದೇನೆ ಎಂದು ಯೋಚಿಸಿರಲಿಲ್ಲ. ಅಟ್ಟದಲ್ಲಿ ಆಳು ನೆಟ್ಟಗೆ ನಿಲ್ಲುವಷ್ಟು ಎತ್ತರ ಇದ್ದದ್ದು ಅದೊಂದೇ ಜಾಗದಲ್ಲಿ. ಮಿಕ್ಕ ಕಡೆಯೆಲ್ಲ ಸೂರು ಇಳಿದು ತಲೆಗೆ ಹೊಡೆಯುತ್ತಿತ್ತು.

ದೇವರನ್ನೇ ಬೇರೆ ಕಡೆ ಕೂರಿಸಬಹುದಲ್ಲ ಎಂದು ನನ್ನ ಗಂಡ ಬಾಯಿ ಬಿಟ್ಟರು. ನಾಲ್ಕು ತಲೆಮಾರಿನಿಂದ ಕೂತಿರುವ ಮನೆದೇವರು. ಅಲುಗಿಸಬೇಕೆಂದರೆ ಕುಲದವರೆಲ್ಲ ಸೇರಬೇಕು, ಪೂಜಾರಿ ಬರಬೇಕು, ಅದಕ್ಕೆ ಒಂದು ವರ್ಷ ಬೇಕು. ಮಾವ ಕಡ್ಡಿಗಳನ್ನು ಆಯ್ದು ಮತ್ತೆ ಕಟ್ಟು ಕಟ್ಟಿದರು.

ನಾಲ್ಕೈದು ದಿನ ಅತ್ತೆಗೆ ಇದೇ ಯೋಚನೆ. ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಒಂದು ಮಧ್ಯಾಹ್ನ ನಾನು ರೊಟ್ಟಿ ತಟ್ಟುತ್ತಿದ್ದೆ, ಅವರು ಒಲೆಯ ಮುಂದೆ ಕೂತು ಮೇಲೆ ನೋಡುತ್ತಿದ್ದರು. ನಮ್ಮ ಅಡುಗೆಮನೆ ಎತ್ತರದ್ದು. ಹೊಗೆ ಮೇಲಕ್ಕೆ ಹೋಗಲೆಂದು ಹಳಬರು ಅದರ ಅಟ್ಟವನ್ನು ಬೇರೆ ಕಡೆಗಿಂತ ಮೇಲಕ್ಕೇ ಕಟ್ಟಿದ್ದರು. ಬೇಸಿಗೆಯಲ್ಲಿ ಮನೆಯೊಳಗೆ ತಣ್ಣಗಿರುವುದು ಅದೊಂದೇ. ಅತ್ತೆ ಆ ಮನೆಗೆ ಬಂದಾಗಿನಿಂದ ಅವರ ಹೆಚ್ಚಿನ ಹೊತ್ತು ಕಳೆದದ್ದು ಆ ಎತ್ತರದ ಕೆಳಗೆ.

ಇದರ ಅಟ್ಟವನ್ನು ಎರಡು ಮೊಳ ಕೆಳಕ್ಕೆ ಇಳಿಸಿದರೆ ಮೇಲೆ ಆಳು ನಿಲ್ಲಬಹುದು ಎಂದರು. ದೇವರ ತಲೆಯ ಮೇಲಿನ ಹಲಗೆ ಹಾಗೇ ಇರಲಿ, ರಾಗಿಯ ವಾಡೆಯೂ ಇರಲಿ, ಅದಕ್ಕೂ ಕೋಣೆಗೂ ನಡುವೆ ಮರದ ಅಡ್ಡಗೋಡೆ ಹಾಕಿಸೋಣ, ಯಾರೂ ಆ ಕಡೆ ಕಾಲಿಡುವುದಿಲ್ಲ. ಕೋಣೆ ಪೂರ್ತಿ ಅಡುಗೆಮನೆಯ ಮೇಲೆ.

ನನಗೆ ಮೈ ಉರಿಯಿತು. ಆ ಅಡುಗೆಮನೆಯಲ್ಲಿ ನಾನೂ ಬೇಯುವವಳು. ಸೂರು ತಗ್ಗಿಸಿದರೆ ಹೊಗೆ ನಮ್ಮ ಕಣ್ಣಿಗೆ ನುಗ್ಗುತ್ತದೆ, ಬಂದವಳಿಗೆ ಕೋಣೆ, ಇದ್ದವಳಿಗೆ ಹೊಗೆಯೇ ಎಂದು ಕೇಳಿಯೇಬಿಟ್ಟೆ. ಅತ್ತೆ ನನ್ನ ಮಾತಿಗೆ ಬೇಸರ ಮಾಡಿಕೊಳ್ಳಲಿಲ್ಲ. ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಬ್ಯಾರನ್ನಿನೊಳಗೆ ಬಿಸಿ ಹಾಯಿಸುವ ದಪ್ಪ ತಗಡಿನ ಕೊಳವೆಗಳನ್ನು ಹಿಂದಿನ ವರ್ಷ ಬದಲಾಯಿಸಿದ್ದರು, ಹಳೆಯವು ಗೋಡೆಯ ಪಕ್ಕ ಬಿದ್ದಿದ್ದವು. ಒಲೆಗೆ ಮುಚ್ಚಳ ಕಟ್ಟಿ, ಅದಕ್ಕೆ ಈ ಕೊಳವೆ ಸೇರಿಸಿ, ಗೋಡೆಯಾಚೆಯಿಂದ ಸೂರಿನ ಮೇಲಕ್ಕೆ ಬಿಟ್ಟರೆ ಒಂದು ಎಳೆ ಹೊಗೆಯೂ ಒಳಗೆ ನಿಲ್ಲುವುದಿಲ್ಲ ಎಂದರು. ಊರಿನ ಗಂಡಸರೆಲ್ಲ ಸೊಪ್ಪಿಗೆ ಹೊಗೆ ತಾಗಬಾರದೆಂದು ಇಷ್ಟೆಲ್ಲ ಕೊಳವೆ ಹಾಕುತ್ತಾರೆ, ಹೆಂಡತಿಯ ಕಣ್ಣಿಗೆ ತಾಗಬಾರದೆಂದು ಒಬ್ಬರಿಗೂ ಹೊಳೆಯಲಿಲ್ಲ ನೋಡು ಎಂದು ನಕ್ಕರು. ನನ್ನ ಕೋಪ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ.

ಆದರೆ ಮಾವ ಒಪ್ಪಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅತ್ತೆ ಎಲ್ಲವನ್ನೂ ಹೇಳಿದರು. ಮಾವ ಕೇಳುತ್ತಾ ಉಂಡರು. ಕೈ ತೊಳೆದ ಮೇಲೆ, ಇಷ್ಟೆಲ್ಲ ಕುಣಿತ ಯಾಕೆ, ನಾವೇನು ಕೋಣೆ ಇಟ್ಟುಕೊಂಡು ಸಂಸಾರ ಮಾಡಿದೆವಾ, ನಮಗೆ ಮಕ್ಕಳಾಗಲಿಲ್ಲವಾ ಎಂದರು. ಮಾವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಅತ್ತೆ ತಟ್ಟೆ ಎತ್ತುತ್ತಿದ್ದರು. ತಟ್ಟೆಯನ್ನು ಮತ್ತೆ ನೆಲಕ್ಕಿಟ್ಟರು.

"ಮಕ್ಳಾದೋ ಕಣ್ರೀ," ಎಂದರು. "ಮಾತಾಗ್ಲಿಲ್ಲ. ನಾನು ಈ ಮನೆಗೆ ಬಂದಾಗ ಅತ್ತೆ, ಮಾವ, ನಾದ್ನೀರು, ಎಲ್ರೂ ಈ ನಡುಮನೇಲೇ ಇದ್ರು. ನೀವು ಜಗಲೀಲಿ, ನಾನು ಒಲೆ ಮುಂದೆ. ನಿಮ್ಗೆ ಒಂದು ಮಾತು ಏಳ್ಬೇಕು ಅಂದ್ರೆ ನೀರು ಕೊಡೋ ನೆವ ಬೇಕಿತ್ತು. ಅವಾಗ ಮಾತಿತ್ತು, ಜಾಗ ಇರ್ನಿಲ್ಲ. ಆಮೇಲೆ ಎಲ್ರೂ ಒಂಟೋದ್ರು, ಜಾಗ ಆಯ್ತು. ಅಷ್ಟೊತ್ಗೆ ಮಾತೇ ಇರ್ನಿಲ್ಲ. ನಿಮ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಈ ಹುಡುಗ್ರಿಗೂ ಅಂಗೇ ಆಗದು ಬ್ಯಾಡ."

ನಾನು ನನ್ನ ಗಂಡನ ಕಡೆ ನೋಡಿದೆ, ಅವರು ನೆಲ ನೋಡುತ್ತಿದ್ದರು. ಮಾವ ಒರೆಸಿದ ಕೈಯನ್ನೇ ಟವೆಲಿನಿಂದ ಮತ್ತೆ ಮತ್ತೆ ಒರೆಸಿಕೊಂಡು, ಎದ್ದು ಜಗಲಿಗೆ ಹೋದರು. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಬಂದರು. ನನಗೆ ಅಳು ಬಂತು, ಹೊಗೆಯ ನೆಪ ಮಾಡಿಕೊಂಡು ಕಣ್ಣೊರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಅತ್ತೆ ಒಂದು ಕಟ್ಟು ಬಿದಿರು ಕಡ್ಡಿ ಹೊತ್ತುಕೊಂಡು ನಿಂತಿದ್ದರು. ರಾಣಿ, ಹೊರಡು, ಬೇಗೂರಿಗೆ ಹೋಗೋಣ ಎಂದರು. ಮಾವನ ಒಪ್ಪಿಗೆ ಸಿಕ್ಕಿತೇ ಎಂದು ಕೇಳಿದೆ. ಮೊದಲು ಆ ಕೋಣೆಯಲ್ಲಿ ಇರುವವಳನ್ನು ಕೇಳೋಣ, ಆಮೇಲೆ ಇವರನ್ನು ಎಂದರು. ಪಿರಿಯಾಪಟ್ಟಣದಿಂದ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೋಟೆಗೆ ಒಂದು, ಕೋಟೆಯಿಂದ ಬೇಗೂರಿಗೆ ಇನ್ನೊಂದು. ಪ್ರತಿಯೊಂದು ಬಸ್ಸಿನಲ್ಲೂ ಕಂಡಕ್ಟರನ ಜೊತೆ ಆ ಕಡ್ಡಿಗಾಗಿ ಜಗಳ. ಒಬ್ಬ ಅದಕ್ಕೂ ಟಿಕೆಟ್ ತಗೊಳ್ಳಿ ಎಂದ. ಇದು ನನ್ನ ಸೊಸೆಯ ಮನೆ ಕಣಪ್ಪ, ಮನೆಗೆಲ್ಲಾದರೂ ಟಿಕೆಟ್ ಕೇಳ್ತಾರಾ ಎಂದು ಅತ್ತೆ ಹೇಳಿದ ಮೇಲೆ ಅವನು ನಮ್ಮಿಬ್ಬರನ್ನೂ ಒಂದು ಥರ ನೋಡಿ ಮುಂದೆ ಹೋದ.

ಚಲುವಯ್ಯನವರ ಮನೆಯಲ್ಲಿ ಕಾಫಿ ಕೊಟ್ಟರು. ಅವರ ಹೆಂಡತಿ ಸುನಂದಮ್ಮ ಮುಖ ಗಂಟಿಕ್ಕಿಕೊಂಡಿದ್ದರು, ಮಗಳನ್ನು ಈಗಲೇ ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡಿದ್ದರೋ ಏನೋ. ಅತ್ತೆ ಕಾಫಿ ಮುಗಿಸಿ ಅಂಗಳಕ್ಕೆ ಇಳಿದರು. ಪಕ್ಕದ ಶುಂಠಿ ಹೊಲದಲ್ಲಿ ಕೇರಳದ ಕಡೆಯ ಗುತ್ತಿಗೆದಾರರ ಆಳುಗಳು ಕೆಲಸ ಮಾಡುತ್ತಿದ್ದರು, ಅವರೂ ಸಲಿಕೆ ಊರಿ ನಿಂತು ನೋಡಿದರು. ಈ ಸಲ ಅತ್ತೆ ಮೊದಲು ಒಂದು ಕಲ್ಲನ್ನಿಟ್ಟು, ಇದು ದೇವರು ಎಂದರು. ಅದನ್ನು ಬಿಟ್ಟು ಈ ಕಡೆ ಕೋಣೆ ಹಾಕಿದರು. ಕಡ್ಡಿ ಇಟ್ಟು ಮುಗಿದ ಮೇಲೆ ಪದ್ಮಶ್ರೀಯನ್ನು ಕೈಬೀಸಿ ಕರೆದರು. ಒಳಗೆ ಬಾ, ನಿಂತು ನೋಡು, ನಿನಗೆ ಏನು ಎಲ್ಲಿರಬೇಕೋ ಹೇಳು ಎಂದರು.

ಹುಡುಗಿ ಬಾಗಿಲ ಕಡ್ಡಿ ದಾಟಿ ಒಳಗೆ ಹೋದಳು. ಸುತ್ತ ನೋಡಿದಳು. ಮಂಚ ಎಲ್ಲಿ ಎಂದು ಅತ್ತೆ ಕೇಳಿದರೆ ನಾಚಿಕೊಂಡಳು. ಕಿಟಕಿ ಇಲ್ಲಿರಲಾ ಎಂದರೆ ಹೂಂ ಅಂದಳು. ಎಲ್ಲದಕ್ಕೂ ಹೂಂ. ಅತ್ತೆ ಕಾಯುತ್ತಾ ನಿಂತರು. ಆಮೇಲೆ ಪದ್ಮಶ್ರೀ ಬಗ್ಗಿ ಬಾಗಿಲ ಕಡ್ಡಿಯನ್ನು ಎತ್ತಿಕೊಂಡಳು.

"ಬಾಗ್ಲು ನಡುಮನೆ ಕಡೀಕೆ ಬ್ಯಾಡಿ ಅತ್ತೆ," ಎಂದಳು. "ಇತ್ಲು ಕಡೆಯಿಂದ ಮೆಟ್ಲು ಇರ್ಲಿ. ದಿನಾ ಬೆಳಿಗ್ಗೆ ಎಲ್ರ ಮುಂದೆ ಇಳ್ಕೊಂಡು ಬರಾಕೆ ನಂಗಾಗಲ್ಲ."

ಹೇಳಿದವಳೇ ಹೆದರಿಕೊಂಡು ಅಪ್ಪನ ಕಡೆ ನೋಡಿದಳು. ನನಗೆ ಆ ನಡುಮನೆಯ ಸಾಲು, ನನ್ನ ಮಕ್ಕಳು, ಅವಳು ಎಳೆದುಕೊಳ್ಳುತ್ತಿದ್ದ ಸೆರಗು ಎಲ್ಲ ಕಣ್ಣ ಮುಂದೆ ಬಂತು. ಅತ್ತೆ ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು ಹಿತ್ತಲಿನ ಕಡೆಯ ಗೋಡೆಗೆ ಇಟ್ಟರು. ಚಲುವಯ್ಯನವರು ಗಂಟಲು ಸರಿಮಾಡಿಕೊಂಡು, ಮೆಟ್ಟಿಲು ಬೇರೆ ಆದಮೇಲೆ ಇದೂ ಬೇರೆ ಮನೆಯೇ ಆಯಿತಲ್ಲ ತಾಯಿ ಎಂದರು. ಮೆಟ್ಟಿಲು ಎಷ್ಟಾದರೂ ಇರಲಿ ಬೀಗರೇ, ಒಲೆ ಒಂದೇ ಎಂದರು ಅತ್ತೆ. ಗೌರಿ ಹಬ್ಬ ಮುಗಿದು ಪಕ್ಷ ಹಿಡಿಯುವುದರೊಳಗೆ ಕೋಣೆ ಆಗಿದ್ದರೆ ಮಗಳನ್ನು ಕಳಿಸುತ್ತೇವೆ ಎಂದು ಚಲುವಯ್ಯನವರು ಮಾತು ಕೊಟ್ಟರು. ಪಿತೃಪಕ್ಷ ಹಿಡಿದರೆ ಹೊಸ ಸೊಸೆಯನ್ನು ಕರೆತರುವಂತಿಲ್ಲ, ಅಷ್ಟು ಹೊತ್ತಿಗೆ ಸೊಪ್ಪಿನ ಸುಗ್ಗಿಯೂ ಮುಗಿಯುತ್ತ ಬರುತ್ತದೆ, ಆಮೇಲೆ ಮಾವನ ಗೋಡೆ. ಸುನಂದಮ್ಮ ನಾವು ಹೊರಡುವಾಗ ಒಂದು ಚೀಲ ಹಸಿಶುಂಠಿ ಕೊಟ್ಟರು. ಕಡ್ಡಿಯನ್ನು ಅಲ್ಲೇ ಬಿಟ್ಟು ಬಂದೆವು.

ದಾರಿಯುದ್ದಕ್ಕೂ ನನಗೆ ಮಾವನದೇ ಚಿಂತೆ. ಸೊಸೆಗೆ ಮಾತು ಕೊಟ್ಟು ಬಂದಿದ್ದೇವೆ, ಮನೆಯ ಯಜಮಾನರು ಒಪ್ಪಿಲ್ಲ. ಅತ್ತೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಂಗಳದ ತುಂಬ ಗೋಣಿಚೀಲ, ಮುರಿದ ಕುಂಟೆ, ಅಜ್ಜಿಯ ಪೆಟ್ಟಿಗೆ. ಯಾರೋ ಮನೆ ಖಾಲಿ ಮಾಡಿದಂತಿತ್ತು. ಜಗಲಿಯ ಮೇಲೆ ಒಬ್ಬ ಮನುಷ್ಯ ಕೂತಿದ್ದ, ತಲೆಯಿಂದ ಪಾದದವರೆಗೆ ಕಪ್ಪಗೆ. ಕಣ್ಣೆರಡು ಮಾತ್ರ ಬೆಳ್ಳಗೆ ಕಂಡವು. ನನ್ನ ಮಗಳು ಅದು ತಾತ ಎಂದು ಹೇಳದಿದ್ದರೆ ನಾನು ಕೂಗಿಕೊಳ್ಳುತ್ತಿದ್ದೆ. ಮಾವ ಬೆಳಿಗ್ಗೆಯಿಂದ ಒಬ್ಬರೇ ಅಡುಗೆಮನೆಯ ಅಟ್ಟ ಖಾಲಿ ಮಾಡಿ, ನಾಲ್ಕು ತಲೆಮಾರಿನ ಮಸಿಯನ್ನು ಕೆರೆದು ಇಳಿಸಿದ್ದರು. ಹಿತ್ತಲಿನಲ್ಲಿ ಬಿದ್ದಿದ್ದ ಕೊಳವೆಗಳೂ ಅಡುಗೆಮನೆಯ ಗೋಡೆಗೆ ಬಂದು ಒರಗಿದ್ದವು. ಮಾವ ಸ್ನಾನಕ್ಕೆ ನೀರು ಕೇಳಿದರು. ಅತ್ತೆ ಹಂಡೆಗೆ ಉರಿ ಹಾಕಿದರು.

ಆಮೇಲಿನ ಕೆಲಸವೆಲ್ಲ ಸೊಪ್ಪಿನ ಸುಗ್ಗಿಯ ನಡುವೆ ನಡೆಯಿತು. ಗಂಡಸರು ಬ್ಯಾರನ್ನಿಗೆ ಉರಿ ಹಾಕುತ್ತಾ ಪಾಳಿಯ ಮೇಲೆ ಮಲಗುತ್ತಿದ್ದರು, ಬಡಗಿ ಬೆಟ್ಟಸ್ವಾಮಿ ಅಡುಗೆಮನೆಯಲ್ಲಿ ಹಲಗೆ ಕಳಚುತ್ತಿದ್ದ. ನಾವು ಮಳೆಯಲ್ಲಿ ಹಿತ್ತಲಿನ ತಗಡಿನ ಕೆಳಗೆ ಅಡುಗೆ ಮಾಡಿದೆವು. ಹೊರಗೆ ಒಲೆ ಕಂಡ ಊರಿನವರು ಚಿಕ್ಕಣ್ಣನ ಮನೆ ಒಡೆಯಿತು ಎಂದು ಸುದ್ದಿ ಹಬ್ಬಿಸಿದರು. ಬೆಟ್ಟಸ್ವಾಮಿ ಒಳ್ಳೆಯ ಕೆಲಸಗಾರ, ಆದರೆ ಅತ್ತೆಯ ಕೈಯಲ್ಲಿ ಸಿಕ್ಕಿ ನಲುಗಿಹೋದ. ಮೆಟ್ಟಿಲು ತೀರಾ ಕಡಿದಾಯಿತು, ನಾಳೆ ಬಸುರಿ ಹೆಂಗಸು ಹತ್ತಬೇಕು ಎಂದು ಬಿಚ್ಚಿಸಿದರು. ಅಡ್ಡಗೋಡೆಯ ಹಲಗೆಯಲ್ಲಿ ಸಂದು ಬಿಟ್ಟಿದ್ದಕ್ಕೆ, ದೇವರು ಇಣುಕಿ ನೋಡಬೇಕಾ ಎಂದು ಮತ್ತೆ ಹೊಡೆಸಿದರು. ಹೆಂಚಿನ ಕೆಳಗೆ ಮಧ್ಯಾಹ್ನ ಬೇಯುತ್ತದಲ್ಲ ಎಂದು ಅವನು ರಾಗ ಎಳೆದಾಗ ಬ್ಯಾರನ್ ತೋರಿಸಿದರು. ಅಲ್ಲಿ ನೆಲದ ಹತ್ತಿರ ಕಿಂಡಿ, ನೆತ್ತಿಯಲ್ಲಿ ಹಗ್ಗ ಎಳೆದರೆ ತೆರೆಯುವ ತಗಡಿನ ಮುಚ್ಚಳ. ಅದನ್ನೇ ಇಲ್ಲಿ ಸಣ್ಣದಾಗಿ ಮಾಡು, ಕೆಳಗಿನಿಂದ ತಣ್ಣನೆ ಗಾಳಿ ಬಂದು ಮೇಲಿನಿಂದ ಬಿಸಿ ಹೋಗಲಿ ಎಂದರು. ಸೊಪ್ಪು ಬೇಯಿಸುವ ಉಪಾಯವನ್ನು ಮನುಷ್ಯರು ಬೇಯದಿರುವುದಕ್ಕೆ ತಿರುಗಿಸಿಕೊಂಡ ಹೆಂಗಸನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಗೌರಿ ಹಬ್ಬ ಮುಗಿಯಿತು. ಪಕ್ಷ ಹಿಡಿಯಲು ಎರಡು ದಿನ ಇದೆ ಅನ್ನುವಾಗ ಕೋಣೆಯೂ ಮುಗಿಯಿತು. ಕುಮಾರ ಮೊದಲ ಬಸ್ಸಿಗೇ ಬೇಗೂರಿಗೆ ಹೋದ, ಸಂಜೆಗೆ ಹೆಂಡತಿಯ ಜೊತೆ ಬರುವವನಿದ್ದ. ನಾನು ಹೊಸ ಒಲೆಯ ಮುಂದೆ ಕೂತು ಒಬ್ಬಟ್ಟಿ‌ಗೆ ಹೂರಣ ಅರೆದುಕೊಂಡಿದ್ದೆ. ಹೊಗೆ ಇಲ್ಲ, ಕಣ್ಣೀರಿಲ್ಲ, ತಲೆಯ ಮೇಲೆ ತಗ್ಗಿದ ಹಲಗೆ. ಮಳೆ ಬಿಟ್ಟು ಸುಡುವ ಬಿಸಿಲು ಬಿದ್ದಿತ್ತು. ಅತ್ತೆಗೆ ಆ ಬಿಸಿಲು ಕಂಡು ಪರೀಕ್ಷೆ ಮಾಡುವ ಹುಚ್ಚು ಹಿಡಿಯಿತು. ಮೇಲೆ ಯಾರಾದರೂ ಮಲಗಿ ಬಿಸಿ ಎಷ್ಟು ಅಂತ ಹೇಳಬೇಕು, ತಾನು ಹಗ್ಗ ಎಳೆಯಬೇಕು. ನನ್ನ ಗಂಡ ಬ್ಯಾರನ್ನಿನಲ್ಲಿ, ಮಕ್ಕಳು ಶಾಲೆಯಲ್ಲಿ. ಉಳಿದವರು ಮಾವ. ನೀವೇ ಬನ್ನಿ ಎಂದರು. ಮಾವ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು ಹಿತ್ತಲಿನ ಮೆಟ್ಟಿಲು ಹತ್ತಿದರು.

ನನ್ನ ತಲೆಯ ಮೇಲೆಯೇ ಎಲ್ಲ ಕೇಳಿಸುತ್ತಿತ್ತು. ಈಗ ಹೆಂಗದೆ ಎಂದು ಅತ್ತೆ. ಬಿಸಿ ಎಂದು ಮಾವ. ತಗಡಿನ ಮುಚ್ಚಳ ಕಿರುಗುಟ್ಟಿತು. ಈಗ? ಸ್ವಲ್ಪ ಪರವಾಗಿಲ್ಲ. ಈಗ? ತಂಪಾಯ್ತು ಎಂದರು ಮಾವ. ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು. ನಾನು ಇಳಿದು ಬರುತ್ತಾರೆಂದು ಕಾಫಿಗೆ ನೀರಿಟ್ಟೆ. ಅವರು ಇಳಿಯಲಿಲ್ಲ. ಅತ್ತೆ ಏನೋ ಕೇಳಿದರು, ಮಾವ ಏನೋ ಹೇಳಿದರು. ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ, ದನಿ ಮಾತ್ರ. ಮಾವನ ದನಿ ನಿಲ್ಲದೆ ಇಷ್ಟುದ್ದ ಹೋದದ್ದನ್ನು ನಾನು ಆ ಮನೆಗೆ ಬಂದಮೇಲೆ ಕೇಳಿರಲಿಲ್ಲ. ನಡುವೆ ಒಮ್ಮೆ ಅತ್ತೆ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಚಿಕ್ಕ ಹುಡುಗಿಯ ಹಾಗೆ. ನಾನು ಹೂರಣದ ಕೈಯಲ್ಲೇ ಕೂತುಬಿಟ್ಟೆ. ಕಾಫಿ ಮಾಡಿದೆ, ಅವರನ್ನು ಕೂಗಲಿಲ್ಲ. ಕಾಫಿ ಆರಿಹೋಯಿತು.

ಬಿಸಿಲು ಇಳಿದ ಮೇಲೆ ಬಸ್ಸು ಬಂತು. ಕುಮಾರ ಚೀಲ ಹೊತ್ತು ಮುಂದೆ, ಪದ್ಮಶ್ರೀ ಹಿಂದೆ, ಹಿತ್ತಲಿನಿಂದಲೇ ಬಂದರು. ಅವಳ ಕಣ್ಣು ನೇರವಾಗಿ ಮೆಟ್ಟಿಲಿಗೆ ಹೋಯಿತು. ಮೆಟ್ಟಿಲ ಬುಡದಲ್ಲಿ ಮಾವನ ಚಪ್ಪಲಿ, ಮೇಲೆ ಮುಚ್ಚಿದ ಬಾಗಿಲು. ಕುಮಾರನಿಗೆ ಅರ್ಥವಾಗಲಿಲ್ಲ. ಹೆಂಡತಿಯನ್ನು ಅಷ್ಟು ದೂರದಿಂದ ಕರೆತಂದಿದ್ದಾನೆ, ಕೋಣೆ ತೋರಿಸಬೇಕು, ಅಪ್ಪ ಅವ್ವ ಒಳಗೆ ಕೂತಿದ್ದಾರೆ. ಅವ್ವಾ ಎಂದು ಕೂಗಲು ಬಾಯಿ ತೆರೆದ.

ಪದ್ಮಶ್ರೀ ಅವನ ತೋಳು ಹಿಡಿದಳು. ಮೇಲಿನ ದನಿಗಳಿಗೆ ಒಂದು ಗಳಿಗೆ ಕಿವಿಗೊಟ್ಟಳು.

"ಇರ್ಲಿ ಬುಡಿ, ಕರೀಬ್ಯಾಡಿ," ಎಂದಳು. "ಮಾತಾಡ್ತಾವ್ರೆ."

ಕಾಲು ತೊಳೆದುಕೊಂಡು ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು, ಕಣಕದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ನಾನು ಹೂರಣದ ಉಂಡೆ ಕಟ್ಟಿಕೊಟ್ಟೆ, ಅವಳು ತಟ್ಟಿದಳು. ಕುಮಾರ ಸೌದೆ ತಂದು ಹಾಕಿ ಹೊಸಿಲ ಮೇಲೆ ಕೂತ. ದೀಪ ಹಚ್ಚುವ ಹೊತ್ತಾಗುವ ತನಕ ನಾವ್ಯಾರೂ ಆ ಮೆಟ್ಟಿಲು ಹತ್ತಲಿಲ್ಲ.